ಕಿಟ್ಟಿ

ಹಗುರ, ಇವತ್ತು ತೊಡೆ ಮೇಲೆ ಯಾಕಿಷ್ಟು ಹಗುರ — ಸುಮನಾ ಬ್ಯಾಗನ್ನು ಒಮ್ಮೆ ಎತ್ತಿ ಮತ್ತೆ ಕೂರಿಸಿಕೊಂಡಳು, ಊಟದ ಡಬ್ಬಿ ಇದೆ, ಛತ್ರಿ ಇದೆ, ನೀರಿನ ಬಾಟಲಿ ಇದೆ, ತಳದಲ್ಲಿ ಕಿಟ್ಟಿಯೂ ಇದ್ದಾನೆ, ಆದರೂ ಹಗುರ, ಬಸ್ಸು ಸೇತುವೆ ದಾಟಿ ಹೊಳೆ ಸ್ಟಾಪಿನಲ್ಲಿ ನಿಂತಿದೆ, ಹತ್ತುವವರು ಹತ್ತುತ್ತಲೇ ಇದ್ದಾರೆ, ಒಳಗ್ ಹೋಗಿ ಒಳಗ್ ಹೋಗಿ ಎಂದು ಕಂಡಕ್ಟರ್ ಕೂಗುತ್ತಾನೆ, ಒಳಗೆಲ್ಲಿದೆ ಜಾಗ ನಿನ್ ತಲೆ ಮೇಲಾ ಎಂದು ಯಾರೋ ಹೆಂಗಸು ರೇಗುತ್ತಾಳೆ, ಸಂಚಿಯ ದಾರ ಎಳೆದು ಇಣುಕಿದರೆ ಮುಗಿಯಿತು, ಯಾಕೆ ಹಗುರ ಅಂತ ಗೊತ್ತಾಗುತ್ತದೆ, ಆದರೆ ಕೈ ಮುಂದೆ ಹೋಗುತ್ತಿಲ್ಲ, ನೋಡಿಬಿಟ್ಟರೆ ಇವರ ಸಿಟ್ಟು ಎಷ್ಟು ಅನ್ನುವುದೂ ಗೊತ್ತಾಗಿಬಿಡುತ್ತದೆ. ಕಿಟ್ಟಿ ಅಂದರೆ ಹುಡುಗನಲ್ಲ. ಇವರು — ಗಂಡ ರೂಪೇಶ್, ಮನಸ್ಸಿನೊಳಗೂ ಅವಳಿಗೆ ಆ ಹೆಸರು ಬರುವುದಿಲ್ಲ, ಇವರು ಅಂತಲೇ — ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ಅದೇನೋ ನೋಡಿ, ಮನುಷ್ಯ ಅಂದ್ಮೇಲೆ ಒಂದು ಸರ್ವೈವಲ್ ಕಿಟ್ ದಿನಾ ಮೈಮೇಲಿರ್ಬೇಕು ಮಾರಾಯ್ತಿ ಅಂತ ಶುರು ಮಾಡಿದರು, ತಮ್ಮ ಹಳೇ ಖಾಕಿ ಪ್ಯಾಂಟು ಹರಿದು ಅತ್ತೆ ನಂಜಮ್ಮನ ಕೈಗೆ ಕೊಟ್ಟು ಚೀಲ ಹೊಲಿ ಅಂದರು, ಅತ್ತೆಗೆ ಹೊಲಿಯಲು ಬರುವ ಚೀಲ ಒಂದೇ, ಎಲೆ ಅಡಿಕೆ ಸಂಚಿ, ಎಲೆಗೊಂದು ಅರೆ ಅಡಿಕೆಗೊಂದು ಅರೆ ಸುಣ್ಣದ ಡಬ್ಬಿಗೊಂದು ಅರೆ, ಹಾಗೇ ಹೊಲಿದುಕೊಟ್ಟರು, ಎಲೆಯ ಜಾಗಕ್ಕೆ ಬ್ಯಾಂಡೇಜು ಬಂತು, ಅಡಿಕೆಯ ಜಾಗಕ್ಕೆ ಟಾರ್ಚು, ಸುಣ್ಣದ ಜಾಗಕ್ಕೆ ವಿಷಲ್, ದೊಡ್ಡ ಅರೆಯೊಳಗೆ ನೈಲಾನ್ ಹಗ್ಗ, ಗ್ಲುಕೋಸು, ಬೆಂಕಿಪೊಟ್ಟಣ, ಮೇಣದಬತ್ತಿ, ಮೊಬೈಲ್ ಚಾರ್ಜ್ ಮಾಡುವ ಇಟ್ಟಿಗೆಯಂಥದ್ದೊಂದು, ಉಳಿದ ಪುಟ್ಟ ಅರೆಯಲ್ಲಿ ಅತ್ತೆಯೇ ನಾಲ್ಕು ಚೂರು ಅಡಿಕೆ ಹಾಕಿದರು, ಸಂಚಿ ಅಂದ್ಮೇಲೆ ಅಡಿಕೆ ಇಲ್ದೆ ಹೆಂಗಿರುತ್ತೆ. ಇವರು ಕಿಟ್ ಕಿಟ್ ಅಂದದ್ದು ಅತ್ತೆಯ ಬಾಯಲ್ಲಿ ಕಿಟ್ಟಿ ಆಯಿತು, ಅಲ್ಲಿಂದ ಅವನು ಗಂಡುಮಗ, ಕಿಟ್ಟಿ ಹೊರಟ್ನಾ, ಕಿಟ್ಟೀನ ಬಸ್ಸಲ್ಲಿ ಮರ್ತು ಬಂದೀಯ ಕಣೆ, ಅಯ್ಯೋ ಕಿಟ್ಟಿ ಮಳೇಲಿ ನೆಂದವ್ನೆ ಒಣಗ್ ಹಾಕು — ಆಲ್ಕೊಳದ ಅವರ ಬೀದಿಗೆ ಹೊಸದಾಗಿ ಬಂದವರು ಬಹಳ ದಿನ, ಈ ಮನೇಲಿ ಕಿಟ್ಟಿ ಅಂತ ಒಬ್ಬ ಹುಡುಗ ಇದಾನೆ, ಹೊರಗೇ ಬಿಡಲ್ಲ ಪಾಪ, ಹುಷಾರಿಲ್ಲವೇನೋ ಅಂದುಕೊಂಡಿದ್ದರಂತೆ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಇವರು ದಾರ ಎಳೆದು ಒಳಗೊಮ್ಮೆ ಇಣುಕಿ, ಮತ್ತೆ ಬಿಗಿದು, ಹಿಡ್ಕೋ ಅಂತ ಕೈಗೆ ಕೊಡುವುದು ಪದ್ಧತಿ. ಇವತ್ತು ಕೊಡಲಿಲ್ಲ. ಅವಳು ಸ್ನಾನಕ್ಕೆ ಹೋದಾಗಲೇ ಸ್ಕೂಟರ್ ಹೊರಟ ಸದ್ದು, ಬಂದು ನೋಡಿದರೆ ಊಟದ ಟೇಬಲ್ಲಿನ ಮೇಲೆ ಮುಚ್ಚಿಟ್ಟ ಅಕ್ಕಿರೊಟ್ಟಿಯ ಪಕ್ಕ ಕಿಟ್ಟಿ ಒಬ್ಬನೇ, ತಗೊಂಡು ಹೋಗು ಅಂತಲೂ ಇಲ್ಲ, ಬಿಟ್ಟು ಹೋಗು ಅಂತಲೂ ಇಲ್ಲ, ಬಾಗಿಲವರೆಗೆ ಹೋದವಳು ವಾಪಸು ಬಂದು ಎತ್ತಿ ಬ್ಯಾಗಿಗೆ ಹಾಕಿಕೊಂಡಳು, ಇವತ್ತಿಗೊಂದು ದಿನ ಇರಲಿ, ಇನ್ನು ಮುಂದೆ ದಿನಾ ಹೊರಬೇಕೋ ಬೇಡವೋ ಅನ್ನುವುದನ್ನು ಭದ್ರಾವತಿ ಬರುವುದರೊಳಗೆ ಯೋಚನೆ ಮಾಡಿದರಾಯಿತು.

ವಿದ್ಯಾನಗರ ದಾಟಿತು, ಬಸ್ಸು ಓಡತೊಡಗಿದ ಮೇಲೆ ಸ್ವಲ್ಪ ಗಾಳಿ, ಅಬ್ಬ, ಈಗ ಇವರು ತ್ಯಾವರೆಕೊಪ್ಪದಲ್ಲಿ ವ್ಯಾನಿನ ಗಾಜು ಒರೆಸುತ್ತಿರುತ್ತಾರೆ, ಸಫಾರಿ ವ್ಯಾನಿನ ಡ್ರೈವರು, ಬೆಳಗಿಂದ ಸಂಜೆ ತನಕ ಹುಲಿ ಸಿಂಹಗಳ ನಡುವೆ ಓಡಾಡುವ ಗಂಡಸು, ಹುಲಿ ದಾರಿಗಡ್ಡ ಮಲಗಿದರೆ ಅದು ಏಳುವವರೆಗೆ ಇಂಜಿನ್ ಆಫ್ ಮಾಡಿ ಸೀಟಿಗೊರಗಿ ಕೂರುವ ಗಂಡಸು, ಹಿಂದಿನವರು ಅಯ್ಯಯ್ಯೋ ಅಂದರೆ, ಅದಕ್ಕೂ ನಿದ್ದೆ ಬರುತ್ತೆ ಕಣ್ರೀ ಸುಮ್ನಿರಿ ಅನ್ನುವವರು — ಅಂಥವರಿಗೆ ಹೆಂಡತಿ ಭದ್ರಾವತಿಗೆ ಹೋಗಿ ಬರುತ್ತಾಳೆ ಅಂದರೆ ಭಯ, ಹೇಳಿದರೆ ಯಾರು ನಂಬುತ್ತಾರೆ. ಹುಲಿ ಪಾಪ ಮೊದ್ಲೇ ಹೇಳುತ್ತೆ ಮಾರಾಯ್ತಿ, ಕಿವಿ ಹಿಂದಕ್ಕೆ ಮಾಡುತ್ತೆ, ಬಾಲ ಬಡಿಯುತ್ತೆ, ನಿಮ್ ಲಿಫ್ಟು ಏನ್ ಹೇಳುತ್ತೆ? ನಿಜ, ಕಿಟ್ಟಿ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ, ಆವತ್ತು ಲಿಫ್ಟು ಏನೂ ಹೇಳಲಿಲ್ಲ. ಷಡಕ್ಷರಪ್ಪನವರ ಆಡಿಟ್ ಆಫೀಸು ಮೂರನೇ ಮಹಡಿ, ಮಧ್ಯಾಹ್ನ ಊಟ ಮುಗಿಸಿ ಒಬ್ಬಳೇ ಹತ್ತಿದ್ದಳು, ಕರೆಂಟು ಹೋಯಿತು, ಲಿಫ್ಟು ನಿಂತಿತು, ಕತ್ತಲೆ, ಮೊದಲು ನಗು ಬಂತು, ಆಮೇಲೆ ಬೆವರು, ಆಮೇಲೆ ತನ್ನ ಉಸಿರಿನ ಸದ್ದೇ ಬೇರೆ ಯಾರದೋ ಅನ್ನಿಸಿ ಅವಳು ಚೀರಿದ್ದು, ಮೊಬೈಲು ಆರುವ ಮುಂಚೆ ಇವರಿಗೆ ಒಂದೇ ಮಾತು ಹೇಳಿದ್ದು, ಲಿಫ್ಟಲ್ಲಿದೀನಿ ರೀ. ತ್ಯಾವರೆಕೊಪ್ಪ ಎಲ್ಲಿ ಭದ್ರಾವತಿ ಎಲ್ಲಿ, ಶಿವಮೊಗ್ಗದ ಆ ತುದಿಯಿಂದ ಈ ತುದಿ ದಾಟಿ ಬರಬೇಕು, ಬಂದರು, ಮೆಕ್ಯಾನಿಕ್ ಬರುವ ಮೊದಲು ಇವರೇ ಬಂದರು, ಲಿಫ್ಟು ಎರಡನೇ ಮಹಡಿಗೆ ಸ್ವಲ್ಪ ಕೆಳಗೆ ಸಿಕ್ಕಿಕೊಂಡಿತ್ತು, ವಾಚ್‌ಮನ್ ಸಿದ್ದಯ್ಯನೂ ಇವರೂ ಸೇರಿ ಬಾಗಿಲು ಎಳೆದರೆ ಬಿಟ್ಟುಕೊಂಡದ್ದು ಒಂದು ಚೂರು ಸಂದಿ, ಆ ಸಂದಿಯಲ್ಲಿ ಬೆಳಕು ಬಂತು, ಬೆಳಕಿನ ಹಿಂದೆಯೇ ನಾಲ್ಕು ಬೆರಳು. ಹಿಡ್ಕೋ ಸುಮಿ, ಇಲ್ಲೇ ಇದೀನಿ. ಅವಳು ಹಿಡಿದುಕೊಂಡಳು, ಗ್ರೀಸು ಮೆತ್ತಿದ ಬೆರಳು, ನಡುಗುತ್ತಿದ್ದವು, ಹುಲಿ ಕಂಡರೆ ಆಕಳಿಸುವವರ ಬೆರಳು ನಡುಗುತ್ತಿದ್ದವು, ಅದೊಂದೇ ಸಲ ಅವಳು ನೋಡಿದ್ದು. ಆಮೇಲೆ ಮೆಕ್ಯಾನಿಕ್ ಬಂದ, ಕೈ ತೆಗೀರಿ ಸಾರ್, ಕರೆಂಟ್ ಬಂತು ಅಂದ್ರೆ ಬಾಗ್ಲು ಎಳ್ಕೊಳುತ್ತೆ, ಕೈ ತೆಗೀರಿ — ತೆಗೆಯಲಿಲ್ಲ, ಅಥವಾ ಅವಳು ಬಿಡಲಿಲ್ಲ, ಬಿಡದೇ ಇದ್ದದ್ದು ಯಾರು ಅನ್ನುವ ಜಗಳ ಇನ್ನೂ ಇತ್ಯರ್ಥವಾಗಿಲ್ಲ, ಕರೆಂಟು ಬಂತು, ಬಾಗಿಲು ಒಮ್ಮೆ ಕಚ್ಚಿ ಬಿಟ್ಟಿತು, ಉಂಗುರದ ಬೆರಳಿನ ಉಗುರು ಕಪ್ಪಾಗಿ, ಕಳಚಿ, ಹೊಸದು ಬರುವಾಗ ಸೊಟ್ಟಗೆ ಬಂತು. ಊಟ ಬಡಿಸುವಾಗೆಲ್ಲ ಕಣ್ಣಿಗೆ ಬೀಳುತ್ತದೆ, ಅನ್ನ ಕಲಸುವ ಕೈಯಲ್ಲಿ ಆ ಸೊಟ್ಟ ಉಗುರು.

ಮಲವಗೊಪ್ಪ ಬಂತೇ, ಹೌದು, ಹೂವಿನವಳು ಇಳಿದಳು, ಅವಳ ಬುಟ್ಟಿಯ ವಾಸನೆ ಮಾತ್ರ ಇಲ್ಲೇ ಉಳಿಯಿತು. ಕಿಟ್ ಕೊಟ್ಟ ಮೊದಲ ಸಂಜೆ ಇವರು ಕೇಳಿದ್ದು, ಲಿಫ್ಟು ಸರಿ ಇತ್ತಾ, ಅವಳು ಹೂಂ ಅಂದದ್ದು, ಅಷ್ಟೇ ಆದದ್ದು. ಲಿಫ್ಟಿನ ಮುಂದೆ ನಿಂತಿದ್ದಳು ಆವತ್ತು, ಸಂಚಿಯನ್ನು ಎದೆಗೆ ಅವುಚಿಕೊಂಡೇ ನಿಂತಿದ್ದಳು, ಬಾಗಿಲು ತೆರೆಯಿತು, ಮುಚ್ಚಿತು, ತೆರೆಯಿತು, ಕಾಲು ಏಳಲಿಲ್ಲ, ಕೊನೆಗೆ ಮೆಟ್ಟಿಲು ಹತ್ತಿದಳು, ಇಷ್ಟು ಆಸೆಯಿಂದ ಟಾರ್ಚಿಗೆ ಸೆಲ್ಲು ಹಾಕಿ ಕೊಟ್ಟವರಿಗೆ, ನಿಮ್ಮ ಕಿಟ್ಟಿಯಿಂದ ಏನೂ ಆಗಲಿಲ್ಲ ಅಂತ ಹೇಳುವುದು ಹೇಗೆ, ನಾಳೆ ಹತ್ತುತ್ತೇನಲ್ಲ ಆಗ ಸರಿಹೋಗುತ್ತೆ ಅಂದುಕೊಂಡು ಹೂಂ ಅಂದಳು. ಆ ನಾಳೆ ಬರಲೇ ಇಲ್ಲ. ಮೂರು ಮಹಡಿ ದಿನಾ ಮೆಟ್ಟಿಲು, ಆಫೀಸಿನಲ್ಲಿ ಕೇಳಿದರೆ ವ್ಯಾಯಾಮ, ಮನೆಯಲ್ಲಿ ಕೇಳಿದರೆ ಹೂಂ, ಇವರಂತೂ ಸಫಾರಿಯ ಗೇಟಿನವನಿಂದ ಹಿಡಿದು ಟಿಕೆಟ್ ಹರಿಯುವವನವರೆಗೆ ಎಲ್ಲರಿಗೂ ಹೇಳಿಕೊಂಡು ಬಂದದ್ದು, ನಮ್ಮನೆಯವ್ಳಿಗೆ ಲಿಫ್ಟ್ ಅಂದ್ರೆ ಪ್ರಾಣ ಹೋಗೋದು, ಒಂದ್ ಕಿಟ್ ಮಾಡ್ಕೊಟ್ಟೆ ನೋಡಿ, ಈಗ ಜುಮ್ ಅಂತ ಹೋಗ್ತಾಳೆ ಬರ್ತಾಳೆ. ನಿನ್ನೆ ಡಾಕ್ಟರ ಮುಂದೆ ಮಂಡಿ ತೋರಿಸಿಕೊಂಡು ಕೂತಾಗ ಸಿಕ್ಕಿಬಿದ್ದಳು. ಮೆಟ್ಟಿಲು ಹತ್ತೋದು ಜಾಸ್ತಿ ಇದೆಯಾ ಅಂತ ಡಾಕ್ಟರು. ಇಲ್ಲ ಇಲ್ಲ, ಆಫೀಸಲ್ಲಿ ಲಿಫ್ಟ್ ಇದೆ ಅಂತ ಇವರು, ಅವಳಿಗಿಂತ ಮುಂಚೆ, ಎಷ್ಟು ಹೆಮ್ಮೆಯಿಂದ ಅಂದರೆ ಲಿಫ್ಟು ಕಟ್ಟಿಸಿದವರೇ ಇವರು ಅನ್ನಬೇಕು. ಡಾಕ್ಟರು ಅವಳ ಮುಖ ನೋಡಿದರು. ಮಂಡಿಯ ಹತ್ತಿರ ಸುಳ್ಳು ಹೇಳಲು ಆಗುವುದಿಲ್ಲವಲ್ಲ, ದಿನಾ ಮೂರು ಮಹಡಿ ಸಾರ್, ಎರಡು ವರ್ಷದಿಂದ, ಅಂದಳು, ಅಂದದ್ದು ತನಗೇ ಸರಿಯಾಗಿ ಕೇಳಿಸಲಿಲ್ಲ. ಇವರು ತಿರುಗಿ ನೋಡಿದರು. ಬೈಯಬಹುದಿತ್ತು, ಏನೇ ಇದು ಅನ್ನಬಹುದಿತ್ತು, ಅದರ ಬದಲು ತಮ್ಮ ಕೈ ಕಡೆ ನೋಡಿಕೊಂಡು ಆ ಸೊಟ್ಟ ಉಗುರನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತರು. ಮೆಟ್ಟಿಲು ನಿಲ್ಸಿಬಿಡಿ ಅಂದರು ಡಾಕ್ಟರು, ಆಗ್ಲಿಲ್ಲ ಅಂದ್ರೆ ಮಂಡಿಗಾದ್ರೂ ಏನಾದ್ರೂ ಆಧಾರ ಕೊಡಿ, ಇಲ್ಲಾಂದ್ರೆ ಕೆಲಸಾನೇ ಬಿಡ್ಬೇಕಾದೀತು. ಸ್ಕೂಟರಿನಲ್ಲಿ ಮನೆಗೆ ಬಂದರು. ಅವಳನ್ನು ಇಳಿಸಿ, ಚಕ್ರಕ್ಕೆ ಗಾಳಿ ಹಾಕಿಸ್ಕೊಂಡ್ ಬರ್ತೀನಿ ಅಂತ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ, ನಾಲ್ಕು ಲಾರಿಗೆ ಗಾಳಿ ಹಾಕಿಸುವಷ್ಟು ಹೊತ್ತು, ಸಿಟ್ಟು ಬಂದವರ ಗಾಳಿ ಅದು, ಅವಳಿಗೆ ಗೊತ್ತಾಗದೇ ಇರುತ್ತದೆಯೇ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಾಗಾದರೆ ಹೊರಬೇಕೇ ಬೇಡವೇ, ಯೋಚನೆ ಮಾಡು ಸುಮನಾ, ನಿದಿಗೆ ಬಂದೇಬಿಟ್ಟಿತು. ಲಿಫ್ಟು ಹತ್ತದವಳಿಗೆ ಲಿಫ್ಟಿಗೋಸ್ಕರ ಮಾಡಿದ ಕಿಟ್ಟು ಯಾಕೆ, ಹೆಗಲು ನೋವು ಬೇರೆ, ಇದನ್ನು ಹೊತ್ತುಕೊಂಡು ಓಡಾಡುವುದು ಅಂದರೆ ಹೆದರಿಕೆಯನ್ನೇ ಗಂಟು ಕಟ್ಟಿಕೊಂಡು ಓಡಾಡಿದ ಹಾಗಲ್ಲವೇ, ದಾರ ಬಿಗಿಯುವಾಗೆಲ್ಲ ನೆನಪು ಬರುತ್ತದೆ, ಇಲ್ಲದಿದ್ದರೆ ಎಷ್ಟೋ ದಿನ ಮರೆತೇ ಹೋಗುತ್ತಿತ್ತೇನೋ. ಬಿಟ್ಟುಬಿಡಬೇಕು. ಆದರೆ ಬಿಟ್ಟರೆ ಈ ಬಸ್ಸಿನವರು ಬಿಡುತ್ತಾರೆಯೇ, ಕಿಟ್ಟಿ ಅವಳಿಗೆ ಆಗಿಬರಲಿಲ್ಲ, ಊರಿಗೆಲ್ಲ ಆಗಿಬಂದ, ಚಪ್ಪಲಿ ಕಿತ್ತ ಕಾಲೇಜು ಹುಡುಗಿಗೆ ಪಿನ್ನು ಯಾರದು, ಅವಳದು, ತಲೆ ಸುತ್ತಿ ಕೂತ ಅಜ್ಜಿಗೆ ಗ್ಲುಕೋಸು ಯಾರದು, ಅವಳದು, ಬಾಗಿಲಲ್ಲಿ ಜೋತಾಡುತ್ತಿದ್ದ ಹಲಸಿನಹಣ್ಣನ್ನು ಕಂಬಿಗೆ ಕಟ್ಟಿದ್ದು ಕಿಟ್ಟಿಯ ನೈಲಾನ್ ಹಗ್ಗದಿಂದಲೇ, ಆ ಹಣ್ಣಿನವನು ಹಗ್ಗದ ಸಮೇತ ಇಳಿದುಹೋದ. ಆವತ್ತು ಸಂಜೆ ಇವರು ಸಂಚಿ ಬಿಚ್ಚಿ ನೋಡಿ ಮುಖ ಬಿಳುಚಿಕೊಂಡು, ಹಗ್ಗ ಎಲ್ಲಿ, ಹಗ್ಗ ಬಳಸೋ ಅಂಥದ್ದು ಏನಾಯ್ತು ಸುಮಿ, ನಿಜ ಹೇಳು ಅಂದರು, ಹಲಸಿನಹಣ್ಣು ಅಂದಾಗ ಒಂದು ಗಳಿಗೆ ಅವಳನ್ನೇ ನೋಡಿ, ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು, ಆ ನಗು ಬೇಕು ಅವಳಿಗೆ, ನಿನ್ನೆಯಿಂದ ಆ ನಗು ಇಲ್ಲದೆ ಮನೆ ಮನೆಯಂತಿಲ್ಲ. ಆಯುಧಪೂಜೆಯದು ಇನ್ನೊಂದು, ಸ್ಕೂಟರು, ಮಚ್ಚು, ಸುತ್ತಿಗೆ, ತೆಂಗಿನಕಾಯಿ ತುರಿಯುವ ಮಣೆ ಎಲ್ಲದರ ಜೊತೆ ಕಿಟ್ಟಿಯನ್ನೂ ಇಟ್ಟಿದ್ದರು, ಅತ್ತೆ ಬಿಚ್ಚಿ ಒಂದೊಂದಕ್ಕೂ ಅರಿಶಿನ ಕುಂಕುಮ, ಕಾಪಾಡೋ ಸಾಮಾನಲ್ವೇನೋ ಚೆನ್ನಾಗಿ ಹಚ್ಚು ಅಂತ ಮಗನಿಗೆ ಹೇಳಿ, ಟಾರ್ಚಿಗೆ ಹೂವು, ಹೊಸ ಹಗ್ಗಕ್ಕೆ ಗಂಧ, ವಿಷಲಿಗೆ ಬಾಯಿ ತುಂಬ ಕುಂಕುಮ. ಅದಾದ ಮುಂದಿನ ವಾರ ಇದೇ ನಿದಿಗೆಯಲ್ಲಿ ಒಬ್ಬ ಮುದುಕಿ ಇಳಿಯುತ್ತಿರುವಾಗಲೇ ಬಸ್ಸು ಹೊರಟುಬಿಟ್ಟಿತು, ಎಲ್ಲರೂ ಕೂಗಿದರೂ ಡ್ರೈವರಿಗೆ ಕೇಳದು, ಸುಮನಾ ವಿಷಲ್ ತೆಗೆದು ಇದ್ದಬದ್ದ ಉಸಿರೆಲ್ಲ ಹಾಕಿ ಊದಿದಳು, ಸದ್ದು ಬರಲಿಲ್ಲ, ಕುಂಕುಮ ಬಂತು, ಎದುರಿಗೆ ನಿಂತ ಕಂಡಕ್ಟರನ ಮುಖ, ಬಿಳಿ ಗಡ್ಡ, ಅಂಗಿ, ಎಲ್ಲ ಕೆಂಪು, ಅವನು ಬೆಚ್ಚಿ ಕೂಗಿದ ಕೂಗಿಗೆ ಡ್ರೈವರು ಬ್ರೇಕು ಹಾಕಿದ, ಮುದುಕಿ ಸುಖವಾಗಿ ಇಳಿದಳು. ಕೆಲಸ ಆಯ್ತಲ್ಲ ಬಿಡು, ದೇವರ ಕುಂಕುಮ ಅಂದರು ಅತ್ತೆ.

ಮೇಡಂ ಒಂದು ಪಿನ್ನು ಇದೆಯಾ — ಯಾರು, ಪಕ್ಕದಲ್ಲಿ ನಿಂತ ಹುಡುಗಿ, ದುಪಟ್ಟಾ ಯಾವುದೋ ಸೀಟಿನ ಕೊಕ್ಕೆಗೆ ಸಿಕ್ಕಿ ಹರಿದಿದೆ, ಮಾಚೇನಹಳ್ಳಿಯಲ್ಲಿ ಇಳಿದು ಕೆಲಸಕ್ಕೆ ಹೋಗುವವಳು, ಹೂಂ ಇದೆ ಇರಮ್ಮ ಎಂದು ಬಾಯಿ ಅಭ್ಯಾಸಕ್ಕೆ ಅಂದುಬಿಟ್ಟಿತು, ಇನ್ನು ಬಿಚ್ಚದೆ ವಿಧಿಯಿಲ್ಲ. ದಾರ ಎಳೆದಳು. ಟಾರ್ಚಿಲ್ಲ. ಅಡಿಕೆಯ ಅರೆಗೆ ಕೈ ಹಾಕಿದರೆ ಖಾಲಿ, ಸುಣ್ಣದ ಅರೆಯಲ್ಲಿ ವಿಷಲಿಲ್ಲ, ಹಗ್ಗವಿಲ್ಲ, ಮೇಣದಬತ್ತಿಯಿಲ್ಲ, ಆ ಇಟ್ಟಿಗೆಯೂ ಇಲ್ಲ, ಎಲ್ಲ ತೆಗೆದುಬಿಟ್ಟಿದ್ದಾರೆ, ಇಷ್ಟು ಸಿಟ್ಟೇ, ಸಂಚಿಯ ಬಾಯಂಚಿಗೆ ಚುಚ್ಚಿದ ಪಿನ್ನು ಮಾತ್ರ ಹಾಗೇ ಇದೆ, ತೆಗೆದು ಹುಡುಗಿಗೆ ಕೊಟ್ಟಳು, ಥ್ಯಾಂಕ್ಸ್ ಮೇಡಂ, ಹೂಂ, ಮತ್ತೆ ಸಂಚಿಗೆ ಕೈ ಹಾಕಿದರೆ ದೊಡ್ಡ ಅರೆಯಲ್ಲಿ ಏನೋ ಮೆತ್ತಗೆ, ಬಟ್ಟೆಯೇ, ಎಳೆದಳು, ಮಂಡಿಗೆ ಹಾಕುವ ಪಟ್ಟಿ. ಎಲಾಸ್ಟಿಕ್ಕಿನ ನೀಲಿ ಪಟ್ಟಿ, ಹೊಸದು, ಪ್ಲಾಸ್ಟಿಕ್ ಕವರಿನಿಂದ ತೆಗೆದು, ಬಿಗಿಯಾಗದಿರಲಿ ಅಂತ ಒಮ್ಮೆ ಎಳೆದು ಸಡಿಲ ಮಾಡಿದ ಹಾಗಿದೆ. ಅದರೊಳಗೆ ನೋವಿನ ಮುಲಾಮು. ಅದರ ಪಕ್ಕ ಕಡಲೆಮಿಠಾಯಿ, ಮೂರು, ಯಾಕೆ ಮೂರು — ಮಹಡಿಗೊಂದು. ಒಂದೊಂದು ಮಹಡಿ ಹತ್ತಿದ ಮೇಲೆ ಕೂತು ಒಂದೊಂದು ತಿನ್ನಲಿ ಅಂತ. ಗಾಳಿ ಹಾಕಿಸಲು ಹೋದವರು ಇದನ್ನು ಹುಡುಕಿಕೊಂಡು ಯಾವ ಯಾವ ಅಂಗಡಿ ತಿರುಗಿದರೋ, ಅವಳು ಸಿಟ್ಟು ಅಂದುಕೊಂಡದ್ದು ಸಿಟ್ಟಾಗಿರಲಿಲ್ಲ, ಲೆಕ್ಕಾಚಾರವಾಗಿತ್ತು, ಲಿಫ್ಟಿಗೆ ಮಾಡಿದ ಕಿಟ್ಟನ್ನು ಪೂರ್ತಿ ಬಿಚ್ಚಿ ಮೆಟ್ಟಿಲಿಗೆ ಅಂತ ಹೊಸದಾಗಿ ಕಟ್ಟಿದ್ದಾರೆ, ಲಿಫ್ಟು ಹತ್ತದಿದ್ದರೆ ಬೇಡ ಬಿಡು ಸುಮಿ, ಹೆದರಿಕೆ ಇದ್ದರೆ ಇರಲಿ ಅಂತ, ಬಾಯಿಬಿಟ್ಟು ಹೇಳಲು ಬಾರದ ಮನುಷ್ಯ, ಎಲಾಸ್ಟಿಕ್ಕಿನಲ್ಲಿ ಹೇಳಿದ್ದಾರೆ. ಪಟ್ಟಿಯ ಒಳಗೆ ಎಲ್ ಅಂತ ಚೀಟಿ. ಎಲ್ ಯಾಕೆ ಮಾರಾಯ, ಎಮ್ ಸಾಕಾಗುತ್ತಿತ್ತು, ನಾನೇನು ಅಷ್ಟು ದಪ್ಪಗಿದೀನಾ — ಕಣ್ಣು ತುಂಬಿಬಂತು, ಕಿಟಕಿ ಕಡೆ ತಿರುಗಿದಳು, ದೇವರೇ, ಎಂಥಾ ಮನುಷ್ಯನನ್ನು ಕೊಟ್ಟೆ ನನಗೆ, ಈ ಹುಲಿ ಡ್ರೈವರನ ಮೇಲೆ ತನಗೆ ಇಷ್ಟೊಂದು ಪ್ರೀತಿ ಇದೆ ಅನ್ನುವುದು ಹೀಗೆ ಬಸ್ಸಿನಲ್ಲಿ, ಜನ ಮೈಮೇಲೆ ಬೀಳುತ್ತಿರುವಾಗ ಗೊತ್ತಾಗಬೇಕೇ, ಅತ್ತೆಯ ಅಡಿಕೆ ಚೂರು ಪುಟ್ಟ ಅರೆಯಲ್ಲಿ ಹಾಗೇ ಇತ್ತು, ಒಂದನ್ನು ಬಾಯಿಗೆ ಹಾಕಿಕೊಂಡಳು.

ಕಡದಕಟ್ಟೆ, ಆಮೇಲೆ ಭದ್ರಾವತಿ, ಇಳಿದದ್ದು, ರಸ್ತೆ ದಾಟಿದ್ದು, ಸಂತೆ ಸೊಪ್ಪಿನವನು ತಮಿಳಿನಲ್ಲಿ ಯಾರನ್ನೋ ಬೈಯುತ್ತಿದ್ದದ್ದು, ಯಾವುದೂ ಸರಿಯಾಗಿ ನೆನಪಿಲ್ಲ, ಕಟ್ಟಡದ ಒಳಗೆ ಮೊದಲ ಮೆಟ್ಟಿಲ ಮೇಲೆ ಕೂತು ಚೂಡಿದಾರದ ಮೇಲೇ ನೀಲಿ ಪಟ್ಟಿ ಏರಿಸಿಕೊಳ್ಳುತ್ತಿದ್ದಾಳೆ, ಏನ್ ಮೇಡಂ ಕಬಡ್ಡಿ ಆಡಾಕೆ ಹೊಂಟ್ರಾ ಅಂತ ಸ್ಟೂಲಿನ ಮೇಲಿಂದ ಸಿದ್ದಯ್ಯ, ಹೂಂ ಸಿದ್ದಯ್ಯ, ನೀವೂ ಬರ್ತೀರಾ. ಪಟ್ಟಿ ಸರಿಯಾಗಿ ಕೂತಿತು, ಎಲ್ ಸರಿಯಾಗಿಯೇ ಕೂತಿತು, ಅವರಿಗೆ ಗೊತ್ತು. ಮೇಲೆ ಮೆಟ್ಟಿಲು, ತಿರುವಿನಲ್ಲಿ ಎಲೆ ಅಡಿಕೆಯ ಕಲೆ, ಇನ್ನು ಹತ್ತಬಹುದು, ಇನ್ನು ಕದ್ದು ಹತ್ತಬೇಕಾಗಿಲ್ಲ, ಹತ್ತು ಅಂತ ಮಿಠಾಯಿ ಸಮೇತ ಕಳಿಸಿದ್ದಾರೆ, ಆದರೆ ಮಂಡಿ, ಇವತ್ತು ಪಟ್ಟಿ, ನಾಳೆ ಪಟ್ಟಿ, ಎಷ್ಟು ದಿನ, ಡಾಕ್ಟರು ಹೇಳಿದ್ದು ಸುಳ್ಳಲ್ಲವಲ್ಲ, ಈ ಕೆಲಸ ಬಿಟ್ಟರೆ ಈ ಬಸ್ಸಿಲ್ಲ, ಷಡಕ್ಷರಪ್ಪನವರ ಗೊಣಗಾಟವಿಲ್ಲ, ಸಂಜೆ ಮನೆಗೆ ಹೋಗಿ ಹೇಳಲು ಕತೆಯಿಲ್ಲ. ಲಿಫ್ಟು ಕೆಳಗೆ ಬಂತು. ಬಾಗಿಲು ತೆರೆಯಿತು, ಫೈಲು ಹಿಡಿದ ಒಬ್ಬರು ಹೊರಗೆ ಬಂದರು, ಒಳಗೆ ಯಾರೂ ಇಲ್ಲ, ಟ್ಯೂಬ್‌ಲೈಟು, ಕನ್ನಡಿ, ಕನ್ನಡಿಯಲ್ಲಿ ನೀಲಿ ಮಂಡಿಯ ಒಬ್ಬ ಹೆಂಗಸು — ಯಾವಾಗ ಎದ್ದಳು ಗೊತ್ತಿಲ್ಲ, ಒಳಗೆ ಇದ್ದಾಳೆ, ಮೂರು ಒತ್ತಿದ್ದಾಳೆ. ಟಾರ್ಚಿಲ್ಲ, ವಿಷಲಿಲ್ಲ, ಹಗ್ಗವಿಲ್ಲ, ಎರಡು ವರ್ಷ ಎಲ್ಲ ಹೊತ್ತುಕೊಂಡು ಹತ್ತದವಳು ಏನೂ ಇಲ್ಲದ ದಿನ ಹತ್ತಿದ್ದಾಳೆ, ಸಂಚಿ ಎದೆಗೆ ಒತ್ತಿದೆ, ಒಳಗೆ ಮುಲಾಮು, ಮಿಠಾಯಿ, ನಗು ಬರುತ್ತಿದೆ, ನಡುಕವೂ ಬರುತ್ತಿದೆ, ನಾಳೆಯೂ ತರುತ್ತೇನೆ ಕಿಟ್ಟಿಯನ್ನು, ದಿನಾ ತರುತ್ತೇನೆ, ಒಳಗೆ ಇವರು ಏನು ಬೇಕಾದರೂ ತುಂಬಲಿ, ಸಂಜೆ ಗೇಟಿನಲ್ಲಿ ನಿಂತು ಲಿಫ್ಟು ಸರಿ ಇತ್ತಾ ಅಂತ ಕೇಳಲಿ, ಕೇಳದಿದ್ದರೆ ತಾನೇ ಹೇಳುತ್ತಾಳೆ, ಸರಿ ಇತ್ತು ರೀ — ಬಾಗಿಲು ಬರುತ್ತಿದೆ, ಎರಡೂ ಕಡೆಯಿಂದ ಬರುತ್ತಿದೆ, ಸ್ಟೂಲು ಅರ್ಧ ಹೋಯಿತು, ಸಿದ್ದಯ್ಯ ಅರ್ಧ ಹೋದ, ಹೊರಗಿನ ಬೆಳಕು ಮೊಳದಷ್ಟು, ಗೇಣಷ್ಟು, ನಾಲ್ಕು ಬೆರಳಷ್ಟು — ಆವತ್ತಿನ ನಾಲ್ಕು ಬೆರಳು, ಗ್ರೀಸು ಮೆತ್ತಿದೆ, ನಡುಗುತ್ತಿದೆ, ಹಿಡ್ಕೋ ಸುಮಿ, ನಾಲ್ಕು ಬೆರಳು, ಅದರಲ್ಲೊಂದು ಉಗುರು, ಸೊಟ್ಟ ಉಗುರು, ಆ ಉಗುರನ್ನು ಮನಸ್ಸಿನಲ್ಲೇ ಹಿಡಿದುಕೊಂಡಿದ್ದಾಳೆ, ಬಾಗಿಲು ಮುಚ್ಚಿತು, ಲಿಫ್ಟು ಮೇಲಕ್ಕೆ ಹೊರಟಿತು.